ಪೂಜೆಯಲ್ಲಿ ಡ್ರಮ್ಸ್ ಬಾರಿಸಬಹುದಾ? ರೆಕ್ಸ್‌ಬ್ಯಾಂಡ್ ಥರ ತಂಡ ಕಟ್ಟಿದವರು ಯಾರಾದರೂ ಇದ್ದೀರಾ?

ಬಾಸ್‌ಲೈನ್_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಥೋಲಿಕ ಧರ್ಮಕೇಂದ್ರ, ಅಂದರೆ ಪ್ಯಾರಿಷ್. ಚರ್ಚ್‌ನ ಭಾನುವಾರದ ಕನ್ನಡ ಪೂಜೆಗೆ (ಮಾಸ್) ಒಂದು ಕೀಬೋರ್ಡು, ಒಂದು ತಬಲ, ಹಾಡುವವರು ಎಂಟ್ಹತ್ತು ಜನ. ಅದರಲ್ಲಿ ಸಮಯಕ್ಕೆ ಸರಿಯಾಗಿ ಬರುವವರು ಮೂರೋ ನಾಲ್ಕೋ. ಈಗ ನಮ್ಮ ಯುವಕರ ಗುಂಪು ಕೇರಳದ ರೆಕ್ಸ್‌ಬ್ಯಾಂಡ್ ವಿಡಿಯೋಗಳನ್ನು ನೋಡಿ, ನಮಗೂ ಅಂಥದ್ದೇ ತಂಡ ಬೇಕು ಅಂತ ಪಟ್ಟು ಹಿಡಿದಿದೆ. ಡ್ರಮ್ಸ್, ಬಾಸ್, ಎರಡು ಗಿಟಾರ್, ಮುಂದೆ ನಾಲ್ಕು ಮೈಕು. ನಾನೂ ಆ ಗುಂಪಿನವನೇ, ಹೆಸರು ನೋಡಿದರೆ ಗೊತ್ತಾಗುತ್ತದೆ.

ಫಾದರ್ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮೊದಲು ಕೊಯರ್‌ನ (ಗಾಯಕವೃಂದದ) ಹಿರಿಯರನ್ನು ಒಪ್ಪಿಸಿ ಅಂದರು. ಹಿರಿಯರದು ಒಂದೇ ಮಾತು: "ಇದು ದೇವಾಲಯನಾ, ಆರ್ಕೆಸ್ಟ್ರಾ ಸ್ಟೇಜಾ?" ಅಲ್ಲಿಗೆ ಸಭೆ ಮುಗಿಯಿತು. ಕಾಫಿ ಮಾತ್ರ ಚೆನ್ನಾಗಿತ್ತು.

ಪೂಜೆಯಲ್ಲಿ ಡ್ರಮ್ಸ್ ಬಾರಿಸಬಾರದು ಅಂತ ನಿಜವಾಗಲೂ ನಿಯಮ ಇದೆಯಾ, ಅಥವಾ ಸುಮ್ನೆ ಹೆದರಿಸುತ್ತಾರಾ? ನಿಮ್ಮ ಕಡೆ ಯಾರಾದರೂ ಬ್ಯಾಂಡ್ ಕಟ್ಟಿ, ಜಗಳ ಇಲ್ಲದೆ ಉಳಿಸಿಕೊಂಡಿದ್ದೀರಾ?

ಹಳೇ_ಕೊಯರ್
ಆ ಹಿರಿಯರ ಪರವಾಗಿ ನಾನೇ ಮಾತಾಡುತ್ತೇನೆ, ಬೈಯುವವರು ಬೈಯಿರಿ. ನಾನು ಕೊಯರ್‌ಗೆ ಸೇರಿದಾಗ ನಿಮ್ಮಲ್ಲಿ ಅರ್ಧ ಜನ ಹುಟ್ಟಿರಲಿಲ್ಲ. ಆಗಲೂ ಹೀಗೇ ಹೊಸಬರು ಬಂದು ಗಿಟಾರ್ ತಂದರು, ಒಂದು ಕ್ರಿಸ್ಮಸ್ ಜೋರಾಗಿ ನಡೆಯಿತು, ಪಾಸ್ಖ (ಈಸ್ಟರ್) ಬರುವಷ್ಟರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬನಿಗೆ ಮದುವೆ ಆಯಿತು, ಗಿಟಾರ್ ಸಂಗ್ರಹ ಕೋಣೆಯಲ್ಲಿ ಧೂಳು ಹಿಡಿಯಿತು. ಮತ್ತೆ ಹಾಡಿದವರು ಯಾರು? ನಾವೇ. ಪೂಜೆಯಲ್ಲಿ ಸಂಗೀತ ಊಟಕ್ಕೆ ಉಪ್ಪಿದ್ದ ಹಾಗೆ ಇರಬೇಕು. ನೀವು ಉಪ್ಪನ್ನೇ ಊಟ ಮಾಡಿ ಅನ್ನುತ್ತಿದ್ದೀರಿ.

ಟೆನರ್_ತಿಮ್ಮ
ಡ್ರಮ್ಸ್ ವಿದೇಶಿ ಅನ್ನುವವರಿಗೆ ಒಂದು ಪ್ರಶ್ನೆ. ಆರ್ಗನ್ ಏನು ಹಲಸೂರಿನಲ್ಲಿ ಹುಟ್ಟಿದ್ದಾ?

ಹಳೇ_ಕೊಯರ್
@ಟೆನರ್_ತಿಮ್ಮ ವಿದೇಶಿ ಅಂತ ನಾನೆಲ್ಲಿ ಹೇಳಿದೆ? ಓದಿ ಉತ್ತರ ಕೊಡಿ.

ಕೊಚ್ಚಿ_ಸೊಸೆ
ಮೂಲ ಪೋಸ್ಟ್‌ನಲ್ಲೇ ಒಂದು ಗೊಂದಲ ಇದೆ. ರೆಕ್ಸ್‌ಬ್ಯಾಂಡ್ ಅನ್ನುವುದು ಯಾವುದೋ ಚರ್ಚ್‌ನ ಕೊಯರ್ ಅಲ್ಲ. ಅದು ಜೀಸಸ್ ಯೂತ್ ಅನ್ನುವ ಕಥೋಲಿಕ ಯುವಜನರ ಚಳವಳಿಯ ಸಂಗೀತ ತಂಡ. ನಾನು ಮೈಸೂರಿನವಳು, ಮದುವೆಯಾಗಿ ಕೊಚ್ಚಿಗೆ ಬಂದವಳು. ಇಲ್ಲಿನ ಯುವಜನರಿಗೆ ಜೀಸಸ್ ಯೂತ್ ಅಂದರೆ ಬೆಳೆದ ಮನೆ ಇದ್ದ ಹಾಗೆಯೇ. ಕೇರಳದಲ್ಲಿ ಕಥೋಲಿಕ ಕ್ಯಾರಿಸ್ಮ್ಯಾಟಿಕ್ ನವೀಕರಣ (ಸ್ತುತಿ, ಪ್ರಾರ್ಥನೆಗೆ ಒತ್ತು ಕೊಡುವ ಚಳವಳಿ) ಬಂದ ಮೇಲೆ, 1985ರ ಅಂತರರಾಷ್ಟ್ರೀಯ ಯುವ ವರ್ಷದಲ್ಲಿ ಕೊಚ್ಚಿಯಲ್ಲಿ ದೊಡ್ಡ ಯುವ ಸಮಾವೇಶ ನಡೆಯಿತು. ಚಳವಳಿಗೆ ಆ ಹೆಸರು ಗಟ್ಟಿಯಾದದ್ದು ಅಲ್ಲಿಂದ. 2016ರಲ್ಲಿ ವ್ಯಾಟಿಕನ್ನಿನ ಮಾನ್ಯತೆಯೂ ಸಿಕ್ಕಿತು.

ಬ್ಯಾಂಡ್ ಬೆಳೆದದ್ದು ಆ ಚಳವಳಿಯ ಒಳಗೆ. ಪ್ರಾರ್ಥನಾ ಕೂಟ, ಕಾಲೇಜು ಕ್ಯಾಂಪಸ್, ಆರಾಧನೆ, ಆಮೇಲೆ ಸ್ಟೇಜು. 2002ರಲ್ಲಿ ಟೊರಾಂಟೊದ ವಿಶ್ವ ಯುವಜನ ಸಮಾವೇಶಕ್ಕೆ ಹೋದರು. ನಂತರ ಕಲೋನ್, ಸಿಡ್ನಿ, ಮ್ಯಾಡ್ರಿಡ್ ಸಮಾವೇಶಗಳಲ್ಲೂ ಹಾಡಿದರು. ಸ್ಟೀಫನ್ ದೇವಸ್ಸಿ, ಅಲ್ಫೋನ್ಸ್ ಜೋಸೆಫ್ ಇಬ್ಬರೂ ಈ ತಂಡದಲ್ಲಿ ಇದ್ದವರು. ಇಬ್ಬರೂ ಆಮೇಲೆ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದರು. ಉಳಿದವರಲ್ಲಿ ಜಾಸ್ತಿ ಜನ ಬೇರೆ ಬೇರೆ ಉದ್ಯೋಗ ಮಾಡುತ್ತಾ ಸೇವೆ ಅಂತ ಬಾರಿಸುವವರು.

ಹಾಗಾಗಿ "ರೆಕ್ಸ್‌ಬ್ಯಾಂಡ್ ಥರ ಪೂಜೆಗೆ" ಅನ್ನುವಾಗ ನೀವು ಎರಡು ಬೇರೆ ವಿಷಯ ಸೇರಿಸುತ್ತಿದ್ದೀರಿ. ವಿಡಿಯೋದಲ್ಲಿ ನೀವು ನೋಡಿದ್ದು ಸ್ಟೇಜಿನ ಕಾರ್ಯಕ್ರಮ, ಪೂಜೆ ಅಲ್ಲ.

ಬಾಸ್‌ಲೈನ್_ಹುಡುಗ
@ಕೊಚ್ಚಿ_ಸೊಸೆ ಸ್ಟೇಜಿನಲ್ಲಿ ದೇವರ ಸ್ತುತಿ ಆದರೆ ಪೂಜೆಯಲ್ಲಿ ಯಾಕೆ ಆಗುವುದಿಲ್ಲ? ಹಾಡು ಅದೇ, ದೇವರೂ ಅದೇ ಅಲ್ವಾ?

ನಿಯಮದ_ಪುಸ್ತಕ
ಒಂದಷ್ಟು ಕಾಲ ಸೆಮಿನರಿಯಲ್ಲಿದ್ದೆ, ಹಾಗಾಗಿ ಇದು ನನ್ನ ಏರಿಯಾ.

1903ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು (ಪೋಪ್) ಸಂಗೀತದ ಬಗ್ಗೆ ಒಂದು ಕಟ್ಟುನಿಟ್ಟಿನ ಆದೇಶ ಹೊರಡಿಸಿದರು. ದಿನವೂ ನೋಡಿ ಆರಿಸಿದ್ದು, ನವೆಂಬರ್ 22, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾ ಹಬ್ಬ. ಅದರಲ್ಲಿ ಡ್ರಮ್ಸ್ ಮಾತ್ರ ಅಲ್ಲ, ಪಿಯಾನೊ ಕೂಡ ದೇವಾಲಯದಲ್ಲಿ ಬೇಡ ಅಂತ ಇದೆ. ನಿಮ್ಮ ಹಿರಿಯರ ಮಾತಿನ ಬೇರು ಅಲ್ಲಿರಬಹುದು, ಅವರು ಓದಿರದಿದ್ದರೂ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ದೈವಾರಾಧನೆಯ ದಸ್ತಾವೇಜು ಕೊಟ್ಟಿತು. ಅದರಲ್ಲಿ ಪೈಪ್ ಆರ್ಗನ್‌ಗೆ ದೊಡ್ಡ ಗೌರವ, ಗ್ರೆಗೋರಿಯನ್ ಗಾಯನಕ್ಕೆ (ಹಳೆಯ ಲ್ಯಾಟಿನ್ ಗಾಯನ) ಮೊದಲ ಸ್ಥಾನ. ಬೇರೆ ವಾದ್ಯಗಳನ್ನೂ ಬಳಸಬಹುದು, ಆದರೆ ಅವು ಆರಾಧನೆಗೆ ಒಗ್ಗಬೇಕು, ದೇವಾಲಯದ ಘನತೆಗೆ ತಕ್ಕದ್ದಾಗಿರಬೇಕು, ಜನರ ಭಕ್ತಿಗೆ ನೆರವಾಗಬೇಕು. 1967ರ ಮಾರ್ಚ್‌ನಲ್ಲಿ ಬಂದ ಸಂಗೀತದ ಸೂಚನೆ ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತದೆ: ಆಯಾ ಜನರ ಸಂಸ್ಕೃತಿ ನೋಡಿ ವಾದ್ಯ ಆರಿಸಿ, ಆದರೆ ಜನಸಾಮಾನ್ಯರ ಅಭಿಪ್ರಾಯದಲ್ಲಿ ಲೌಕಿಕ ಸಂಗೀತಕ್ಕೆ ಮಾತ್ರ ಸಲ್ಲುವ ವಾದ್ಯ ಬೇಡ.

ಅಂದರೆ ಡ್ರಮ್ಸ್ ಹೆಸರೆತ್ತಿ ಬೇಡ ಅಂತ ಈಗ ಇಲ್ಲ. ಎಲ್ಲರಿಗೂ ಹೂಂ ಅಂತಲೂ ಇಲ್ಲ. ಆ ತೀರ್ಮಾನ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ, ಸ್ಥಳೀಯ ಧರ್ಮಾಧ್ಯಕ್ಷರ ಕೈಯಲ್ಲಿ.

ಟೆನರ್_ತಿಮ್ಮ
"ಜನಸಾಮಾನ್ಯರ ಅಭಿಪ್ರಾಯ" ಅಂದರೆ ಯಾರ ಅಭಿಪ್ರಾಯ ಗುರು? ನಮ್ಮಜ್ಜಿಗೆ ಗಿಟಾರ್ ಅಂದರೆ ಸಿನಿಮಾ ಹೀರೋ. ನನ್ನ ತಂಗಿಗೆ ಗಿಟಾರ್ ಅಂದರೆ ಭಾನುವಾರದ ಪೂಜೆ.

ನಿಯಮದ_ಪುಸ್ತಕ
@ಟೆನರ್_ತಿಮ್ಮ ಅದಕ್ಕೇ ಈ ಜಗಳ 1967ರಿಂದ ಮುಗಿದಿಲ್ಲ. ಇನ್ನೊಂದು ವಿಷಯ ಬಿಟ್ಟುಹೋಯಿತು. ಅದೇ ಸೂಚನೆ ಪ್ರಕಾರ ಪೂಜೆಯ ಎಲ್ಲ ಹಾಡುಗಳನ್ನೂ ಗಾಯಕರೇ ಹಾಡಿ, ಜನರನ್ನು ಪೂರ್ತಿ ಹೊರಗಿಡುವುದು ಒಪ್ಪತಕ್ಕದ್ದಲ್ಲ. ವಾದ್ಯಕ್ಕಿಂತ ಇದು ದೊಡ್ಡ ನಿಯಮ. ಇದನ್ನು ಬ್ಯಾಂಡ್‌ಗಳು ಮಾತ್ರ ಮುರಿಯುತ್ತವೆ ಅಂದುಕೊಳ್ಳಬೇಡಿ. ನಾಲ್ಕು ದನಿಯಲ್ಲಿ ಮಹಿಮೆಯ ಗೀತೆ ಹಾಡಿ ಜನರನ್ನು ಬಾಯಿಬಿಟ್ಟು ನೋಡುವ ಹಾಗೆ ಮಾಡುವ ಹಳೇ ಕೊಯರ್‌ಗಳೂ ಮುರಿಯುತ್ತವೆ.

ಹಳೇ_ಕೊಯರ್
ನನಗೇ ಹೇಳಿದ್ದು ಅಂತ ಗೊತ್ತಾಯಿತು.

ಕುಡ್ಲದ_ಕೊಂಕ್ಣಿ
ಮಂಗಳೂರಿನಲ್ಲಿ ಇಷ್ಟೊಂದು ಚರ್ಚೆ ಬೇಕಾಗಿಯೇ ಇಲ್ಲ. ಹಬ್ಬದ ದಿನ ಚರ್ಚ್ ಹೊರಗೆ ಬ್ರಾಸ್‌ಬ್ಯಾಂಡ್, ಒಳಗೆ ಕೊಯರ್. ಮೆರವಣಿಗೆ ಮುಗಿದು ಟ್ರಂಪೆಟ್‌ನವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ.

ನಿಯಮದ_ಪುಸ್ತಕ
@ಕುಡ್ಲದ_ಕೊಂಕ್ಣಿ ಅದೂ 1903ರ ಆದೇಶದಲ್ಲೇ ಇದೆ! ಬ್ಯಾಂಡ್ ಒಳಗೆ ಬೇಡ, ಹೊರಗಿನ ಮೆರವಣಿಗೆಗೆ ಧರ್ಮಾಧ್ಯಕ್ಷರು ಒಪ್ಪಿದರೆ ಸರಿ, ಆದರೆ ಲೌಕಿಕ ಹಾಡು ನುಡಿಸಬಾರದು ಅಂತ.

ಕುಡ್ಲದ_ಕೊಂಕ್ಣಿ
ಆ ಕೊನೆಯ ಭಾಗವನ್ನು ನಮ್ಮ ಬ್ಯಾಂಡಿನವರಿಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಮೆರವಣಿಗೆ ತಿರುವಿನಲ್ಲಿ ಒಮ್ಮೊಮ್ಮೆ ಹಳೇ ಹಿಂದಿ ಸಿನಿಮಾ ಹಾಡು ಇಣುಕುತ್ತದೆ.

ಕಡೇ_ಬೆಂಚು
ಟ್ಯೂನ್ ಕೇಳಿದ ಕೂಡಲೇ ಬಂಗುಡೆ ಪುಳಿಮುಂಚಿ ನೆನಪಾಯಿತು. ಹಬ್ಬದ ಊಟದ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಯಾರಾದರೂ.

ಫ್ಲಾರೆನ್ಸ್_ಕನ್ನಡತಿ
ಓದಲು ಇಟಲಿಗೆ ಬಂದಿದ್ದೇನೆ. ಇಲ್ಲಿಂದ ಸ್ವಲ್ಪ ದೂರದಲ್ಲಿ ಲೊಪ್ಪಿಯಾನೊ ಅಂತ ಒಂದು ಊರು. ಫೋಕೊಲಾರೆ ಅನ್ನುವ ಕಥೋಲಿಕ ಚಳವಳಿಯವರು 1964ರಲ್ಲಿ ಕಟ್ಟಿದ್ದು. 1966ರಲ್ಲಿ ಚಳವಳಿಯ ಸ್ಥಾಪಕಿ ಕಿಯಾರಾ ಲೂಬಿಕ್ ಅಲ್ಲಿನ ಹುಡುಗರಿಗೆ ಒಂದು ಕೆಂಪು ಡ್ರಮ್ಸ್ ಸೆಟ್, ಹುಡುಗಿಯರಿಗೆ ಒಂದು ಹಸಿರು ಡ್ರಮ್ಸ್ ಸೆಟ್ ಉಡುಗೊರೆ ಕೊಟ್ಟರು. ಹುಡುಗರ ತಂಡ ಜೆನ್ ರೊಸ್ಸೊ ಆಯಿತು, ಹುಡುಗಿಯರದು ಜೆನ್ ವೆರ್ದೆ. ಎರಡೂ ಈಗಲೂ ನಡೆಯುತ್ತಿವೆ. ಸದಸ್ಯರು ಬೇರೆ ಬೇರೆ ದೇಶದವರು, ಒಟ್ಟಿಗೆ ಇದ್ದು ಇದನ್ನೇ ಕೆಲಸವಾಗಿ ಮಾಡುತ್ತಾರೆ.

ಡ್ರಮ್ಸ್ ಬೇಕೋ ಬೇಡವೋ ಅಂತ ನಾವು ಇನ್ನೂ ಕೂತು ಮಾತಾಡುತ್ತಿದ್ದೇವೆ, ಇಲ್ಲಿ ತಂಡ ಶುರುವಾದದ್ದೇ ಡ್ರಮ್ಸ್‌ನಿಂದ. ಅದೂ ಜೀವನವನ್ನೇ ದೇವರಿಗೆ ಕೊಟ್ಟ ಒಬ್ಬ ಹೆಣ್ಣುಮಗಳು ಕೊಟ್ಟದ್ದು, ಹುಡುಗಿಯರಿಗೂ ಕೊಟ್ಟದ್ದು. 60 ವರ್ಷ ಹಿಂದಿನ ಮಾತು ಇದು. ನಮ್ಮಲ್ಲಿ ಇವತ್ತು ಎಷ್ಟು ಚರ್ಚ್‌ನಲ್ಲಿ ಹುಡುಗಿ ಡ್ರಮ್ಸ್ ಮುಂದೆ ಕೂತಿದ್ದಾಳೆ ಹೇಳಿ.

ಟೆನರ್_ತಿಮ್ಮ
ಕೆಂಪು ಬಾವುಟ, ಹಸಿರು ಬಾವುಟ ಅಂತ ಇಲ್ಲಿ ಯಾರೋ ರಾಜಕೀಯ ಮಾಡಿಯೇ ಬಿಡುತ್ತಿದ್ದರು.

ಕೊಚ್ಚಿ_ಸೊಸೆ
@ಫ್ಲಾರೆನ್ಸ್_ಕನ್ನಡತಿ ಒಳ್ಳೆಯ ಮಾತು. ಆದರೆ ಅವರೂ ಮುಖ್ಯವಾಗಿ ಸ್ಟೇಜಿನ ತಂಡವೇ ಅಲ್ವಾ? ಸಂಗೀತ ನಾಟಕ, ಪ್ರವಾಸ, ಶಾಲೆಗಳಲ್ಲಿ ಕಾರ್ಯಾಗಾರ.

ಫ್ಲಾರೆನ್ಸ್_ಕನ್ನಡತಿ
ಹೌದು, ನನಗೆ ಹಿಡಿಸಿದ್ದು ಕಾರ್ಯಾಗಾರದ ಭಾಗವೇ. ಒಂದು ಊರಿಗೆ ಹೋದರೆ ಬರೀ ಹಾಡಿ ಬರುವುದಿಲ್ಲ. ಕೆಲವು ದಿನ ಅಲ್ಲಿನ ಹುಡುಗರು ಹುಡುಗಿಯರಿಗೆ ಹಾಡು, ನೃತ್ಯ, ತಾಳವಾದ್ಯ ಕಲಿಸಿ, ಕೊನೆಗೆ ಅವರನ್ನೇ ತಮ್ಮ ಜೊತೆ ಸ್ಟೇಜ್ ಹತ್ತಿಸುತ್ತಾರೆ. ದೊಡ್ಡ ತಂಡ ಬಂದು ಹೋದ ಮೇಲೆ ಊರಿನಲ್ಲಿ ಏನಾದರೂ ಉಳಿಯುತ್ತದೆ.

ಹಾರೋಬೆಲೆ_ಹೈದ
ನಮ್ಮೂರಿನಲ್ಲಿ ಯೇಸುವಿನ ಪಾಡಿನ ನಾಟಕ ಆಡುವಾಗ ಯಾವ ವಾದ್ಯ ಬೇಡ ಅಂತ ಯಾರೂ ಕೇಳುವುದಿಲ್ಲ. ಊರಿಗೆ ಊರೇ ಸೇರಿ ಮಾಡುತ್ತದೆ. ಪೂಜೆ ಬಂದಾಗ ಮಾತ್ರ ಎಲ್ಲರೂ ವಕೀಲರು. ಮತ್ತೆ ಒಂದು ಮಾತು, ತಮಟೆ ಬಗ್ಗೆ ಯಾರೂ ಯಾಕೆ ಬಾಯಿ ಬಿಡುವುದಿಲ್ಲ? ಡ್ರಮ್ಸ್ ಆದರೆ ಫ್ಯಾಷನ್, ತಮಟೆ ಆದರೆ ಮುಜುಗರ. ಯಾಕೆ ಮುಜುಗರ ಅಂತ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಆಲ್ಟೊ_ಅಕ್ಕ
@ಹಾರೋಬೆಲೆ_ಹೈದ ಇದು ಸರಿಯಾದ ಪ್ರಶ್ನೆ. ಬೆಂಗಳೂರಿನಲ್ಲೇ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮೋಪದೇಶ, ಆರಾಧನೆಯ ರಾಷ್ಟ್ರೀಯ ಕೇಂದ್ರ) ಇದೆ, 1967ರಲ್ಲಿ ಶುರುವಾದದ್ದು. ಫಾದರ್ ಅಮಲೋರ್ಪವದಾಸ್ ಅಲ್ಲಿ ಭಾರತೀಯ ರೀತಿಯ ಆರಾಧನೆಗೆ ದಾರಿ ಮಾಡಿದರು. ಭಜನೆ, ಆರತಿ, ನೆಲದ ಮೇಲೆ ಕೂತು ಪೂಜೆ. ಅದಕ್ಕೂ ಜನ ಬೈದರು, ಹಿಂದೂಗಳ ಥರ ಮಾಡುತ್ತಿದ್ದಾರೆ ಅಂತ. ಆಮೇಲೆ ಭಜನೆ ನಮ್ಮದೇ ಆಗಿಹೋಯಿತು. ಆದರೆ ಆ ಭಾರತೀಯತೆಯಲ್ಲೂ ತಂಬೂರಿ, ತಬಲ, ಸಂಸ್ಕೃತ ಶ್ಲೋಕಕ್ಕೆ ಬೇಗ ಜಾಗ ಸಿಕ್ಕಿತು. ತಮಟೆಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. ದಲಿತ ಕ್ರೈಸ್ತರು ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ.

ಹಳೇ_ಕೊಯರ್
ತಮಟೆಗೆ ನನ್ನ ತಕರಾರಿಲ್ಲ. ಹಬ್ಬದ ಕಾಣಿಕೆ ಮೆರವಣಿಗೆಗೆ ನಾವು ಬಾರಿಸಿದ್ದೇವೆ. ನನ್ನ ತಕರಾರು ಪ್ರದರ್ಶನಕ್ಕೆ. ಯುವಕರು ಬಲಿಪೀಠದ ಪಕ್ಕ ಲೈಟು ಹಾಕಿಕೊಂಡು ನಿಂತರೆ ಜನ ಎತ್ತ ನೋಡಬೇಕು?

ಸೌಂಡ್_ಬಾಬು
ಧರ್ಮಶಾಸ್ತ್ರ ನನಗೆ ಗೊತ್ತಿಲ್ಲ, ಸೌಂಡ್ ಗೊತ್ತು. ಹೊಟ್ಟೆಪಾಡು ಅದೇ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಚರ್ಚ್ ಖಾಲಿ ಇರುವಾಗ ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಎಷ್ಟು ಹೊತ್ತು ಸುತ್ತುತ್ತದೆ ಕೇಳಿ. ಎತ್ತರದ ಚಾವಣಿ, ಗಾರೆ ಗೋಡೆ, ಗ್ರಾನೈಟ್ ನೆಲ ಇದ್ದರೆ ಎರಡು ಮೂರು ಸೆಕೆಂಡು ಆರಾಮಾಗಿ ಉಳಿಯುತ್ತದೆ. ಆ ಕಟ್ಟಡ ನಿಧಾನದ ಗಾಯನಕ್ಕೆ ಹೇಳಿಮಾಡಿಸಿದ್ದು. ಅಲ್ಲಿ ಸ್ನೇರ್ ಡ್ರಮ್ ಬಾರಿಸಿದರೆ ಮೊದಲ ಪೆಟ್ಟು ಇಳಿಯುವ ಮುಂಚೆ ನಾಲ್ಕನೇ ಪೆಟ್ಟು ಬಿದ್ದಿರುತ್ತದೆ. ಎಲ್ಲ ಕಲಸಿ ಒಂದೇ ಗದ್ದಲ. ಹಾಡಿನ ಪದ ಒಂದೂ ಕೇಳುವುದಿಲ್ಲ.

ಆಮೇಲೆ ಏನಾಗುತ್ತದೆ ಅಂದರೆ, ಪದ ಕೇಳಲಿಲ್ಲ ಅಂತ ಹಾಡುವವರ ಮೈಕ್ ಏರಿಸುತ್ತಾರೆ. ಮೈಕ್ ಕುಂಯ್ ಅನ್ನುತ್ತದೆ. ತನ್ನದು ತನಗೆ ಕೇಳಲಿಲ್ಲ ಅಂತ ಕೀಬೋರ್ಡ್‌ನವನು ಏರಿಸುತ್ತಾನೆ. ಡ್ರಮ್ಸ್‌ನವನು ಇವರೆಲ್ಲರನ್ನೂ ಮೀರಿಸಲು ಜೋರಾಗಿ ಹೊಡೆಯುತ್ತಾನೆ. ಕೊನೆಗೆ ಬೆಂಚಿನಲ್ಲಿ ನಿಂತವನಿಗೆ ತನ್ನ ದನಿಯೇ ಕೇಳುವುದಿಲ್ಲ, ಪಕ್ಕದವನದ್ದೂ ಕೇಳುವುದಿಲ್ಲ. ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ನಿಯಮದ ಪುಸ್ತಕದವರು ಹೇಳಿದ ನಿಯಮ ಅಲ್ಲಿ ಮುರಿದುಬೀಳುತ್ತದೆ, ಯಾರಿಗೂ ಆ ಉದ್ದೇಶ ಇರದಿದ್ದರೂ.

ಮಾಡಲೇಬೇಕು ಅಂದರೆ ಪೂರ್ತಿ ಸೆಟ್ ಬೇಡ. ಒಂದು ಕಹೋನ್ ತೆಗೆದುಕೊಳ್ಳಿ, ಪೆರುವಿನ ಮರದ ಪೆಟ್ಟಿಗೆ ವಾದ್ಯ, ಮೇಲೆ ಕೂತು ಕೈಯಲ್ಲಿ ಬಾರಿಸುವುದು. ಸೆಟ್ಟೇ ಬೇಕು ಅಂದರೆ ಕೋಲಿನ ಬದಲು ಬ್ರಶ್ ಹಿಡಿಯಿರಿ, ಕೆಳಗೆ ದಪ್ಪ ಜಮಖಾನ ಹಾಸಿ. ಎರಡು ದೊಡ್ಡ ಸ್ಪೀಕರ್ ಮುಂದೆ ಇಟ್ಟು ಕಿರುಚಿಸುವ ಬದಲು ಕಂಬಕ್ಕೊಂದರಂತೆ ಸಣ್ಣ ಸ್ಪೀಕರ್ ಕಟ್ಟಿ, ಸದ್ದು ಕಡಿಮೆ ಇಡಿ. ಮತ್ತೆ ದಯವಿಟ್ಟು ಎಕೋ ಗುಂಡಿ ಮುಟ್ಟಬೇಡಿ. ಕಟ್ಟಡವೇ ಬೇಕಾದಷ್ಟು ಎಕೋ ಕೊಡುತ್ತಿದೆ.

ಕಡೇ_ಬೆಂಚು
ಎಕೋ ಗುಂಡಿ ವಿಷಯ ಚಿನ್ನದ ಮಾತು. ನಮ್ಮಲ್ಲಿ ಪ್ರಕಟಣೆ ಓದುವಾಗಲೂ ಎಕೋ. "ಕ್ಯಾಟೆಕಿಸಂ ತರಗತಿ ಇಲ್ಲ ಇಲ್ಲ ಇಲ್ಲ" ಅಂತ ಕೇಳಿ ಮಕ್ಕಳು ಕುಣಿದಾಡಿದರು.

ಆಲ್ಟೊ_ಅಕ್ಕ
ಕೀಬೋರ್ಡ್ ಕಥೆ ಒಂದು ನನ್ನ ಹತ್ತಿರವೂ ಇದೆ. ಡ್ರಮ್ಸ್ ಇಲ್ಲದ ಚರ್ಚ್‌ನಲ್ಲೂ ಡ್ರಮ್ಸ್ ಇರುತ್ತದೆ, ಕೀಬೋರ್ಡ್‌ನ ಒಳಗೆ. ಕಾಣಿಕೆ ಗೀತೆ ಮುಗಿಯಿತು, ಸ್ಟಾಪ್ ಒತ್ತುವ ಬದಲು ಹುಡುಗನ ಬೆರಳು ಪಕ್ಕದ ಗುಂಡಿಗೆ ಹೋಯಿತು. ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಸಾಂಬಾ ರಿದಮ್ ಶುರು! ಆ ಮಗು ಗಾಬರಿಯಲ್ಲಿ ಸ್ವಿಚ್‌ಬೋರ್ಡ್‌ನಿಂದಲೇ ವೈರ್ ಕಿತ್ತ. ಫಾದರ್ ತಲೆ ಎತ್ತಲಿಲ್ಲ, ಆದರೆ ಭುಜ ಅಲುಗುತ್ತಿತ್ತು. ನಗುತ್ತಿದ್ದರು ಅಂತ ಈಗಲೂ ನನ್ನ ಅನುಮಾನ.

ನಿಯಮದ_ಪುಸ್ತಕ
ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಹೀಗಾಗಿದ್ದರೆ ಇನ್ನೂ ಫಜೀತಿ. ಆಗ ಆರ್ಗನ್ ಸೇರಿ ಎಲ್ಲ ವಾದ್ಯವೂ ಹಾಡಿಗೆ ಆಸರೆಯಾಗಿ ಮಾತ್ರ. ನಾಲ್ಕನೇ ಭಾನುವಾರ ಮತ್ತು ಹಬ್ಬಗಳಿಗೆ ವಿನಾಯಿತಿ ಇದೆ. ಬ್ಯಾಂಡ್ ಕಟ್ಟುವವರು ಇದನ್ನು ಮೊದಲೇ ತಿಳಿದುಕೊಳ್ಳಿ. ನಲವತ್ತು ದಿನ ಗಿಟಾರ್ ಸೋಲೊ ಇಲ್ಲ.

ಟೆನರ್_ತಿಮ್ಮ
ಸಿನಿಮಾ ಟ್ಯೂನಿಗೆ ಕ್ರಿಸ್ತನ ಸಾಹಿತ್ಯ ಕೂರಿಸುವುದನ್ನೂ ನಿಷೇಧಿಸಿ ಯಾರಾದರೂ. ಪ್ರಸಾದ ಗೀತೆ ಶುರುವಾದ ಕೂಡಲೇ ನನಗೆ ಹೀರೋಯಿನ್ ಓಡಿಬರುವುದು ಕಾಣುತ್ತದೆ. ಪಾಪ ಯಾರದ್ದು ಅದು, ನನ್ನದಾ, ಕೊಯರ್‌ನದ್ದಾ?

ಹಳೇ_ಕೊಯರ್
@ಟೆನರ್_ತಿಮ್ಮ ಇದೊಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಬೆಂಚು.

ಹಾರೋಬೆಲೆ_ಹೈದ
ಸಿನಿಮಾ ಟ್ಯೂನ್ ಯಾಕೆ ಬರುತ್ತದೆ? ಹೊಸ ಹಾಡು ಇಲ್ಲ, ಅದಕ್ಕೆ. ಮಲಯಾಳಂನಲ್ಲಿ ಪ್ರತಿ ವರ್ಷ ಎಷ್ಟು ಬರುತ್ತದೆ, ಕೊಂಕಣಿಯಲ್ಲೂ ಬರೆಯುತ್ತಾರೆ. ಕನ್ನಡ ಪೂಜೆಗೆ ನಾವು ಚಿಕ್ಕವರಿದ್ದಾಗ ಹಾಡಿದ್ದನ್ನೇ ಹಾಡುತ್ತಿದ್ದೇವೆ, ಇಲ್ಲ ಅಂದರೆ ಯೂಟ್ಯೂಬಿನಲ್ಲಿ ಸಿಕ್ಕ ಪೆಂಟೆಕೋಸ್ಟಲ್ ಹಾಡು.

ಕೊಚ್ಚಿ_ಸೊಸೆ
ಅದಕ್ಕೆ ಕಾರಣ ಬರೀ ಸೋಮಾರಿತನ ಅಲ್ಲ. ಇಲ್ಲಿ ಒಂದು ಚಳವಳಿ ಹಿಂದೆ ಇದೆ. ಕ್ಯಾಂಪಸ್ಸಿನಲ್ಲಿ ಹಾಡು ಹುಟ್ಟುತ್ತದೆ, ಪ್ರಾರ್ಥನಾ ಕೂಟದಲ್ಲಿ ತಿದ್ದಿಕೊಳ್ಳುತ್ತದೆ, ನರ್ಸ್‌ಗಳು, ಕೆಲಸಗಾರರು ಗಲ್ಫ್‌ಗೆ, ಯುರೋಪ್‌ಗೆ ಹೊತ್ತುಕೊಂಡು ಹೋಗುತ್ತಾರೆ. ಕೇಳುವವರು, ದುಡ್ಡು ಹಾಕುವವರು, ಕಲಿಸುವವರು ಎಲ್ಲ ಇದ್ದಾರೆ. ಬೆಂಗಳೂರಿನಲ್ಲಿ ಒಂದೇ ಧರ್ಮಕೇಂದ್ರದಲ್ಲಿ ಇಂಗ್ಲಿಷ್, ತಮಿಳು, ಕನ್ನಡ, ಕೆಲವೆಡೆ ಕೊಂಕಣಿ, ಮಲಯಾಳಂ. ಒಳ್ಳೆ ಗಿಟಾರ್ ಹುಡುಗ ಇಂಗ್ಲಿಷ್ ಪೂಜೆಗೆ ಹೋಗಿಬಿಡುತ್ತಾನೆ. ಡ್ರಮ್ಸ್ ಕೊಳ್ಳುವ ದುಡ್ಡಿನಲ್ಲಿ ಇಬ್ಬರು ಕವಿಗಳನ್ನು, ಒಬ್ಬ ಸಂಗೀತ ಗೊತ್ತಿರುವವರನ್ನು ಕೂರಿಸಿ ಹಾಡು ಬರೆಸಿ ಅಂತ ನಾನು ಹೇಳುತ್ತೇನೆ.

ಆಲ್ಟೊ_ಅಕ್ಕ
ಕನ್ನಡಕ್ಕೆ ಇದು ಹೊಸದೇನೂ ಅಲ್ಲ. ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಕಿಟೆಲ್, 1894ರ ನಿಘಂಟಿಗೆ ಎಷ್ಟೋ ಮೊದಲೇ, ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿದರು. ಜರ್ಮನ್ ಪಾದ್ರಿ ಷಟ್ಪದಿ ಕಲಿತರು, ನಮಗೆ ಪ್ರಾಸ ಸೇರಿಸಲು ಬೇಜಾರು.

ಬಾಸ್‌ಲೈನ್_ಹುಡುಗ
ಎಲ್ಲ ಓದಿದೆ. ಗುಂಪಿನಲ್ಲೂ ಹಂಚಿದೆ. ಸೌಂಡ್_ಬಾಬು ಹೇಳಿದ ಚಪ್ಪಾಳೆ ಪರೀಕ್ಷೆ ಮಾಡಿದೆವು. ನಮ್ಮ ಡ್ರಮ್ಸ್ ಹುಡುಗನೇ "ಇಲ್ಲಿ ಆಗುವುದಿಲ್ಲ ಮಗಾ" ಅಂದ, ಯಾವ ಹಿರಿಯರೂ ಬೇಕಾಗಲಿಲ್ಲ.

ಈಗಿನ ಲೆಕ್ಕ ಹೀಗೆ. ತಿಂಗಳಿಗೊಂದು ಶನಿವಾರ ಸಂಜೆ ಚರ್ಚ್ ಹಾಲ್‌ನಲ್ಲಿ ಸ್ತುತಿ ಆರಾಧನೆ, ಅಲ್ಲಿ ಪೂರ್ತಿ ಬ್ಯಾಂಡ್, ಹಾಲ್‌ನ ಚಾವಣಿ ತಗ್ಗು. ಭಾನುವಾರ ಪೂಜೆಗೆ ಒಂದು ಅಕೂಸ್ಟಿಕ್ ಗಿಟಾರ್, ಕಹೋನ್, ಇರುವ ಕೀಬೋರ್ಡ್, ತಬಲ. ಹೊಸ ಹಾಡು ತಂದರೆ ಪೂಜೆಗೆ ಹತ್ತು ನಿಮಿಷ ಮುಂಚೆ ಜನರಿಗೆ ಕಲಿಸಬೇಕು, ಜನ ಹಾಡದ ಹಾಡನ್ನು ಕೈಬಿಡಬೇಕು. ಫಾದರ್ ಇದಕ್ಕೆ ಹೂಂ ಅಂದಿದ್ದಾರೆ. ಹಿರಿಯರಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಮಾತು ಬಿಟ್ಟಿದ್ದಾರೆ.

ಹಳೇ_ಕೊಯರ್
ಕಲಿಸುವ ಹತ್ತು ನಿಮಿಷ ಒಳ್ಳೆಯದು. ಶ್ರುತಿ ಇಳಿಸಿ. ನಿಮ್ಮ ಹುಡುಗರು ಹಾಡುವ ಎತ್ತರಕ್ಕೆ ಬೆಂಚಿನ ಹೆಂಗಸರು ಕಿರುಚಬೇಕು, ಗಂಡಸರು ಸುಮ್ಮನಿರಬೇಕು. ವಿಡಿಯೋದಲ್ಲಿ ಇರುವ ಸ್ಕೇಲ್ ಗಾಯಕನಿಗೆ, ಊರಿಗಲ್ಲ. ಆ ಮಾತು ಬಿಟ್ಟವರ ಮನೆಗೆ ಹೋಗಿ ಒಂದು ಹಾಡು ಕಲಿಸಿಕೊಡಿ ಅಂತ ಕೇಳಿ. ಮಾತು ಬರುತ್ತದೆ.

ಫ್ಲಾರೆನ್ಸ್_ಕನ್ನಡತಿ
ಕಹೋನ್ ಒಬ್ಬ ಹುಡುಗಿಗೆ ಕೊಡಿ!

ಬಾಸ್‌ಲೈನ್_ಹುಡುಗ
@ಫ್ಲಾರೆನ್ಸ್_ಕನ್ನಡತಿ ಆಗಲೇ ಇಬ್ಬರು ಕಿತ್ತಾಡುತ್ತಿದ್ದಾರೆ. ಈಗ ಕಹೋನೇ ಇಲ್ಲ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಯಾರ ಹತ್ತಿರವಾದರೂ ಇದೆಯಾ?

ಟೆನರ್_ತಿಮ್ಮ
ನನ್ನ ಹತ್ತಿರ ಒಂದಿದೆ, ಅಮ್ಮ ಅದರ ಮೇಲೆ ಪಾಟ್ ಇಟ್ಟಿದ್ದಾರೆ. ಪಾಟ್ ಇಡಲು ಬೇರೆ ಸ್ಟೂಲ್ ತಂದುಕೊಟ್ಟರೆ ಪುಕ್ಕಟೆ ಕೊಡುತ್ತೇನೆ.

ಸೌಂಡ್_ಬಾಬು
@ಬಾಸ್‌ಲೈನ್_ಹುಡುಗ ತೆಗೆದುಕೊಳ್ಳುವ ಮುಂಚೆ ಮುಂದಿನ ಹಲಗೆ ಸೀಳಿದೆಯಾ ನೋಡಿ. ಪಾಟ್‌ಗೆ ನೀರು ಹಾಕಿದ್ದರೆ ಹಲಗೆ ಉಬ್ಬಿರುತ್ತದೆ. ಒಳಗೆ ಕೈ ಹಾಕಿ ತಂತಿ ಸಡಿಲ ಆಗಿದೆಯಾ ಅದನ್ನೂ ನೋಡಿ.

ಟೆನರ್_ತಿಮ್ಮ
ಕ್ಯಾಕ್ಟಸ್ ಪಾಟ್ ಸ್ವಾಮಿ, ನೀರೇ ಹಾಕಿಲ್ಲ. ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗಿ, ಸ್ಟೂಲ್ ಮರೆಯಬೇಡಿ.